ಮಧ್ಯಾಹ್ನ ಎರಡೂವರೆಯ ಹಿಸ್ಟರಿ ಕ್ಲಾಸು

ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ ಎಂದಾಗಲೆಲ್ಲ ನನಗೆ ಎದುರಾಗುತ್ತಿದ್ದುದು ಒಂದೇ ಮಾತು: "ಹಂಗಾದ್ರೆ ಆರಾಮು ಬಿಡಿ." ಗಲಾಟೆ ಇರುವುದಿಲ್ಲ, ಹೇಳಿದ್ದನ್ನು ಬರೆದುಕೊಂಡು ತಲೆತಗ್ಗಿಸಿ ಮನೆಗೆ ಹೋಗುವ ಮಕ್ಕಳು ಎಂಬುದು ಅವರ ಎಣಿಕೆ. ಶಿವಮೊಗ್ಗದ ವಿದ್ಯಾನಗರದ ನನ್ನ ಮನೆಯಿಂದ ಭದ್ರಾವತಿಗೆ ನಿತ್ಯ ಬಸ್ಸಿನಲ್ಲಿ ಓಡಾಡಿ, ಒಂದೇ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು ನಾನು. ಆ ಆರಾಮು ಎಲ್ಲಿತ್ತೋ ನನಗಂತೂ ಸಿಗಲಿಲ್ಲ. ಈ ವರ್ಷ ಅಲ್ಲಿಗೆ ಇಬ್ಬರು ಹೊಸ ಉಪನ್ಯಾಸಕಿಯರು ಸೇರಿದ್ದಾರಂತೆ. ಏನು ಕಲಿಸಬೇಕೆಂದು ವಿಶ್ವವಿದ್ಯಾಲಯ ಹೇಳುತ್ತದೆ, ಯಾವ ಪೀರಿಯಡ್ಡಿನಲ್ಲಿ ಎಂದು ಪ್ರಿನ್ಸಿಪಾಲರು ಹೇಳುತ್ತಾರೆ. ಉಳಿದದ್ದನ್ನು ಯಾರಾದರೂ ಅವರಿಗೆ ಹೇಳಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ದೊಡ್ಡ ಹೆಸರಿನ ಕಾಲೇಜೇನಲ್ಲ. ಭದ್ರಾವತಿಯ ಕಾರ್ಖಾನೆಗಳ ಕೆಲವು ಕೆಲಸಗಾರರೂ ಒಬ್ಬ ದಲಿತ ಮೇಷ್ಟ್ರೂ ಸೇರಿ ಬಾಡಿಗೆ ಗೋಡೌನಿನಲ್ಲಿ ಶುರುಮಾಡಿದ್ದು. ಕೂಲಿಯವರ, ಕಾರ್ಖಾನೆ ಕೆಲಸಗಾರರ ಸಾಲುಮನೆಗಳಿರುವ ಲೈನುಗಳ, ಕಾಲೊನಿಗಳ ಹೆಣ್ಣುಮಕ್ಕಳು ಹೈಸ್ಕೂಲು ದಾಟಿದ ಮೇಲೆ ಮನೆಯಲ್ಲೇ ಕೂತುಬಿಡುತ್ತಿದ್ದ ಕಾಲ ಅದು. ಬೇರೆ ಕಡೆ ಸೀಟು ಸಿಕ್ಕರೂ ಹಿಂದಿನ ಬೆಂಚು, ಓರೆನೋಟ, ರೂಮು ಬಾಡಿಗೆಗೆ ಕೇಳಿದರೆ ಮೊದಲು ಜಾತಿಯ ಪ್ರಶ್ನೆ. ಈ ಮಕ್ಕಳಿಗಾಗಿಯೇ ಒಂದು ಕಾಲೇಜು ಬೇಕು ಎಂದು ಆ ಮೇಷ್ಟ್ರು ಸೈಕಲ್ಲಿನಲ್ಲಿ ಮನೆಮನೆ ಸುತ್ತಿದ್ದರಂತೆ. ನಾನು ಸೇರುವಷ್ಟರಲ್ಲಿ ಗೋಡೌನು ಹೋಗಿ ಎರಡಂತಸ್ತಿನ ಕಟ್ಟಡ ಬಂದಿತ್ತು.

ಪ್ರಿನ್ಸಿಪಾಲರು ರುದ್ರಾಂಬಾ ಮೇಡಂ. ಹೊಳಲೂರು ಕಡೆಯ ಜಮೀನುದಾರ ಲಿಂಗಾಯತ ಮನೆಯವರು. ಹಣೆಯ ಮೇಲೆ ವಿಭೂತಿ, ಗಂಜಿ ಹಾಕಿದ ಸೀರೆ, ನಗು ಅಪರೂಪ. ನಾನು ಸೇರಿದ ದಿನ ಅವರು ಕೂರಿ ಎಂದೂ ಹೇಳಲಿಲ್ಲ. "ನೋಡಿ, ಹಾಜರಿ ಕರೆಯುವಾಗ ಹುಡುಗಿಯ ಹೆಸರು ಮಾತ್ರ ಕರೀರಿ. ಅಪ್ಪ ಏನ್ ಮಾಡ್ತಾರೆ, ಯಾವ ಪೈಕಿ, ಮನೆ ಯಾವ ಕಡೆ ಅಂತೆಲ್ಲ ಕೇಳಿದ್ದು ನನ್ನ ಕಿವಿಗೆ ಬಿದ್ರೆ ಆಮೇಲೆ ನಾನೇ ಕ್ಲಾಸಿಗೆ ಬರ್ತೀನಿ" ಎಂದರು. ಅವರ ಸ್ವಂತ ನೆಂಟರೇ, ಅಂಥವರಿಗೆ ಪಾಠ ಹೇಳೋಕೆ ಅಷ್ಟು ದೂರ ಹೋಗ್ಬೇಕಾ ಎಂದು ಮದುವೆ ಮನೆಗಳಲ್ಲಿ ಕುಟುಕುತ್ತಿದ್ದರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಹೊಸಬರಿಗೆ ನಾನು ಹೇಳುವ ಮೊದಲ ಮಾತು ಇದೇ: ಮೇಲಿನವರು ಗಂಟುಮುಖದವರಾಗಿದ್ದರೆ ಅವಸರದಲ್ಲಿ ಅಳೆಯಬೇಡಿ.

ನನ್ನ ವೃತ್ತಿ ಎರಡು ಭಾಗವಾದದ್ದು ಒಬ್ಬ ಅತಿಥಿಯಿಂದ. ವಿಶ್ವವಿದ್ಯಾಲಯದ ವಿಚಾರ ಸಂಕಿರಣಕ್ಕೆಂದು ಅಮೆರಿಕದಿಂದ ಒಬ್ಬ ಪ್ರೊಫೆಸರ್ ಬಂದಿದ್ದರು. ಹೆಸರು ಲೊರೇನ್. ಕಪ್ಪು ಜನಾಂಗದ ಹೆಂಗಸು, ಎತ್ತರದ ಆಳು, ಚಿಕ್ಕದಾಗಿ ಕತ್ತರಿಸಿದ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರು ಪಾಠ ಹೇಳುತ್ತಿದ್ದುದು ಆ ದೇಶದ ದಕ್ಷಿಣ ಭಾಗದ ಒಂದು ಮಹಿಳಾ ಕಾಲೇಜಿನಲ್ಲಿ. ಗುಲಾಮಗಿರಿ ಹೋದ ಮೇಲೂ ಬಿಳಿಯರ ಕಾಲೇಜುಗಳ ಬಾಗಿಲು ತೆರೆಯದಿದ್ದ ಕಾಲದಲ್ಲಿ, ಕಪ್ಪು ಹೆಣ್ಣುಮಕ್ಕಳಿಗೆಂದೇ ಹುಟ್ಟಿದ ಕಾಲೇಜು. ಸಂಕಿರಣದಲ್ಲಿ ಊಟದ ಸಾಲಿನಲ್ಲಿ ಅವರ ಪಕ್ಕ ನಿಂತಾಗ ನಮ್ಮ ಕಾಲೇಜಿನ ಕಥೆ ಹೇಳಿದೆ. ಅವರು ತಟ್ಟೆ ಹಿಡಿದುಕೊಂಡೇ, "ನಾಳೆ ಬರಲೇ?" ಎಂದು ಕೇಳಿದರು.

ಆ ಸಂಜೆ ಕಾಲೇಜಿನಲ್ಲಿ ಹಬ್ಬದ ಗಡಿಬಿಡಿ. ಸ್ವಾಗತಗೀತೆ, ಶಾಲು, ಹಾರ ಎಲ್ಲ ತಯಾರಾಯಿತು. ರುದ್ರಾಂಬಾ ಮೇಡಂ ಹುಡುಗಿಯರನ್ನು ಸಾಲಾಗಿ ಕೂರಿಸಿ ಎಚ್ಚರಿಕೆ ಕೊಟ್ಟರು: "ಬಣ್ಣದ ವಿಚಾರ ಯಾರೂ ಎತ್ಬಾರ್ದು. ಅವರಿಗೆ ಬೇಜಾರಾಗುತ್ತೆ."

ಮರುದಿನ ಸ್ವಾಗತಗೀತೆ ಮುಗಿಯಿತು, ಲೊರೇನ್ ನಾಲ್ಕು ಮಾತಾಡಿದರು, ನಾನು ಅನುವಾದಿಸಿದೆ. ತಮ್ಮದು ಲಿಬರಲ್ ಆರ್ಟ್ಸ್ ಕಾಲೇಜು ಎಂದರು. ನನಗೆ ಆ ಕ್ಷಣಕ್ಕೆ ಹೊಳೆದದ್ದು 'ಉದಾರ ಕಲೆಗಳ ಕಾಲೇಜು'. ಹಿಂದಿನ ಸಾಲಿನಿಂದ ಒಬ್ಬಳು, "ಹಂಗಂದ್ರೆ ಪರೀಕ್ಷೇಲಿ ಮಾರ್ಕ್ಸ್ ಧಾರಾಳವಾಗಿ ಕೊಡ್ತಾರಾ ಮೇಡಂ?" ಎಂದಳು. ಸಭೆಯೆಲ್ಲ ನಕ್ಕಿತು. ಯಾಕೆ ನಕ್ಕರು ಎಂದು ಕೇಳಿ ತಿಳಿದು ಲೊರೇನ್ ಎಲ್ಲರಿಗಿಂತ ಹೆಚ್ಚು ನಕ್ಕರು. ನಂತರ ಬಿಡಿಸಿ ಹೇಳಿದರು. ನರ್ಸ್ ಆಗುವವಳು ಕವಿತೆಯನ್ನೂ ಓದಬೇಕು, ಕವಿತೆ ಓದುವವಳಿಗೆ ಲೆಕ್ಕವೂ ಬರಬೇಕು. ಇಂಥವಳು ಇಷ್ಟೇ ಕಲಿತರೆ ಸಾಕು ಎಂದು ಇನ್ನೊಬ್ಬರು ಗೆರೆ ಎಳೆಯಬಾರದು. ಅದೇ ತಮ್ಮ ಕಾಲೇಜಿನ ಓದು ಎಂದರು.

ಆಗ ಎದ್ದು ನಿಂತವಳು ಸೆಲ್ವಿ. ಬಿ.ಎ. ಎರಡನೇ ವರ್ಷ. ತಂದೆ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ, ತಾಯಿ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಕಾಲೇಜಿನಲ್ಲಿ ಕನ್ನಡ, ಮೂರರಲ್ಲೂ ಒಂದೇ ವೇಗದಲ್ಲಿ ಮಾತಾಡುವ ಹುಡುಗಿ. "ಮೇಡಂ, ಈಗ ನಿಮ್ಮ ದೇಶದಲ್ಲಿ ಕಪ್ಪು ಜನ ಯಾವ ಕಾಲೇಜಿಗೆ ಬೇಕಾದ್ರೂ ಹೋಗ್ಬಹುದಲ್ಲ. ಮತ್ಯಾಕೆ ನಿಮ್ಮ ಕಾಲೇಜು ಇನ್ನೂ ಇದೆ?" ಎಂದು ಕೇಳಿಯೇಬಿಟ್ಟಳು.

ರುದ್ರಾಂಬಾ ಮೇಡಂ ಕಣ್ಣು ಮುಚ್ಚಿಕೊಂಡರು. ನಾನು ತಡವರಿಸುತ್ತಾ ಅನುವಾದ ಮಾಡಿದೆ. ಲೊರೇನ್ ಅವರಿಗೆ ಬೇಜಾರೇನೂ ಆಗಲಿಲ್ಲ, ಕುರ್ಚಿಯನ್ನೇ ಮುಂದಕ್ಕೆ ಎಳೆದುಕೊಂಡರು. "ಬೇರೆ ಕಾಲೇಜಿನಲ್ಲೂ ನಾನು ಓದಿದ್ದೇನೆ. ಅಲ್ಲಿ ಕ್ಲಾಸಿಗೆ ಹೋದರೆ, ಇಲ್ಲಿ ಕೂರುವ ಯೋಗ್ಯತೆ ನನಗಿದೆ ಎಂದು ದಿನಾ ತೋರಿಸಬೇಕಿತ್ತು. ಅದರಲ್ಲೇ ಅರ್ಧ ಶಕ್ತಿ ಹೋಗುತ್ತಿತ್ತು. ನಮ್ಮ ಕಾಲೇಜಿನಲ್ಲಿ ಆ ಕೆಲಸ ಇಲ್ಲ. ಬಂದ ತಕ್ಷಣ ಓದು ಶುರು" ಎಂದರು. ಅವರ ಅಜ್ಜಿ ಅದೇ ಕಾಲೇಜಿನ ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ, ತಾಯಿ ಅಲ್ಲಿ ಓದಿದರಂತೆ. "ಅಜ್ಜಿ ಯಾಕೆ ಓದೋಕೆ ಸೇರ್ಲಿಲ್ಲ?" ಎಂದಳು ಸೆಲ್ವಿ ಮತ್ತೆ. "ಅವಳನ್ನು ಯಾರೂ ಕರೆಯಲಿಲ್ಲ" ಎಂದರು ಲೊರೇನ್.

ನಾನು ಅದನ್ನೂ ಅನುವಾದಿಸಿದೆ. ಹುಡುಗಿಯರು ಅಲುಗಾಡದೆ ಕೂತಿದ್ದರು.

ಮಧ್ಯಾಹ್ನ ಲೊರೇನ್ ನನ್ನ ಪಾಠಕ್ಕೂ ಬಂದು ಹಿಂದೆ ಕೂತರು. ಫ್ರಾನ್ಸಿನ ಕ್ರಾಂತಿ. ನಾನು ಎಂದಿನಂತೆ ನೋಟ್ಸು ಹೇಳಿದೆ, ಮಕ್ಕಳು ಬರೆದುಕೊಂಡರು. ಹೊರಬಂದ ಮೇಲೆ ಲೊರೇನ್ ನನ್ನ ಕೈ ಹಿಡಿದು, "ನಿನ್ನ ದನಿ ಚೆನ್ನಾಗಿದೆ. ಆದರೆ ಒಳಗೆ ಅದೊಂದೇ ದನಿ ಕೇಳಿಸಿತು" ಎಂದರು. ನಾನು ಆ ದಿನ ಬಸ್ಸಿನಲ್ಲಿ ಬರುವಾಗ ಪೂರ್ತಿ ಅದನ್ನೇ ಯೋಚಿಸಿದೆ. ಕೋಪ ಬಂದಿತ್ತು ಅಂತಲೂ ಹೇಳಬೇಕು. ವಿದ್ಯಾನಗರದ ಸ್ಟಾಪಿನಲ್ಲಿ ಇಳಿಯುವ ಹೊತ್ತಿಗೆ ಕೋಪ ಇಳಿದು ಒಂದು ಹುರುಪು ಹತ್ತಿತ್ತು.

ಮರುವಾರ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ ಮಕ್ಕಳನ್ನು ದುಂಡಗೆ ಕೂರಿಸಿದೆ. ನೋಟ್ಸು ಮೊದಲೇ ಜೆರಾಕ್ಸ್ ಮಾಡಿಸಿ ಹಂಚಿಬಿಟ್ಟಿದ್ದೆ. ಕ್ಲಾಸಿನಲ್ಲಿ ಮಾತು ಮಾತ್ರ. ಬ್ರೆಡ್ಡಿಗಾಗಿ ಪ್ಯಾರಿಸ್ಸಿನ ಹೆಂಗಸರು ಅರಮನೆಗೆ ನಡೆದದ್ದು ಸರಿಯೋ ತಪ್ಪೋ ಎಂದು ಕೇಳಿದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಸೆಲ್ವಿ, "ನ್ಯಾಯಬೆಲೆ ಅಂಗಡೀಲಿ ಅಕ್ಕಿ ಇಲ್ಲ ಅಂದಾಗ ನಮ್ಮ ಲೈನಿನವರೂ ಹಂಗೇ ಹೋಗಿದ್ರು" ಎಂದಳು. ಅಲ್ಲಿಂದ ಕಟ್ಟೆ ಒಡೆಯಿತು. ಒಬ್ಬಳು ರಾಣಿಯ ಪರ ನಿಂತಳು, ಇನ್ನೊಬ್ಬಳು ಅವಳ ವಾದವನ್ನು ಹರಿದು ಹಾಕಿದಳು. ಪಕ್ಕದ ಕಾಮರ್ಸ್ ತರಗತಿಯವರು ದೂರು ಕೊಟ್ಟರು. ಬಾಗಿಲಲ್ಲಿ ರುದ್ರಾಂಬಾ ಮೇಡಂ ಕಾಣಿಸಿಕೊಂಡಾಗ ಬೈಯಲೆಂದೇ ಬಂದರು ಅಂದುಕೊಂಡೆ. ಅವರು ಒಳಗೆ ಬಂದು, ಹುಡುಗಿಯರ ನಡುವೆ ಒಂದು ಕುರ್ಚಿ ಎಳೆದುಕೊಂಡು ಕೂತರು. "ಮುಂದುವರೀಲಿ. ಆ ರಾಣಿ ಏನಂದಳು?" ಎಂದು ಕೇಳಿದರು. ಪಾಠ ಹೇಳುವುದು ಇಷ್ಟು ಮಜವಾದ ಕೆಲಸ ಎಂದು ನನಗೆ ಗೊತ್ತಾಗಿದ್ದು ಅವತ್ತು.

ಸೆಲ್ವಿ ಕೊನೆಯ ವರ್ಷಕ್ಕೆ ಬಂದ ಬೇಸಿಗೆಯಲ್ಲಿ ಸುದ್ದಿ ಬಂತು. ಆಡಳಿತ ಮಂಡಳಿ ಕಲಾ ವಿಭಾಗವನ್ನು ಮುಚ್ಚಿ, ಕಾಮರ್ಸ್ ಮತ್ತು ಕಂಪ್ಯೂಟರ್ ಮಾತ್ರ ಇಟ್ಟುಕೊಂಡು, ಹುಡುಗರನ್ನೂ ಸೇರಿಸಿಕೊಳ್ಳುವ ಯೋಚನೆಯಲ್ಲಿದೆ ಎಂದು. ಕಾರ್ಯದರ್ಶಿ ನಾಗರಾಜಪ್ಪ ಕೆಟ್ಟ ಮನುಷ್ಯರಲ್ಲ. ಕಾಲೇಜು ಕಟ್ಟಿದವರ ಪೈಕಿಯೇ ಒಬ್ಬರ ಮಗ, ಕಷ್ಟಪಟ್ಟು ಸಂಸ್ಥೆ ನಡೆಸುತ್ತಿದ್ದವರು. ಸ್ಟಾಫ್ ರೂಮಿಗೆ ಬಂದು ನೇರವಾಗಿ ಹೇಳಿದರು. "ನೋಡಿ ಮೇಡಂ, ಬಿ.ಎ.ಗೆ ವರ್ಷದಿಂದ ವರ್ಷಕ್ಕೆ ಮಕ್ಕಳು ಕಮ್ಮಿ. ಈಗ ಎಲ್ಲಾ ಕಾಲೇಜಲ್ಲೂ ಹೆಣ್ಣುಮಕ್ಕಳಿಗೆ ಸೀಟಿದೆ. ಇನ್ನೂ ಪ್ರತ್ಯೇಕ ಕಾಲೇಜು ಯಾಕೆ ಹೇಳಿ?"

ಚಹಾ ಕೊಡಲು ಬಂದ ನೆಪದಲ್ಲಿ ಸೆಲ್ವಿ ಬಾಗಿಲಲ್ಲೇ ನಿಂತಿದ್ದಳು. "ಸರ್, ಈ ಪ್ರಶ್ನೆ ನಾನೂ ಕೇಳಿದ್ದೆ" ಎಂದು ಶುರುಮಾಡಿ ಲೊರೇನ್ ಹೇಳಿದ್ದನ್ನೆಲ್ಲ ಒಪ್ಪಿಸಿದಳು. ನಂತರ ತನ್ನದೂ ಸೇರಿಸಿದಳು: "ನಾನು ಪಿಯುಸಿ ಓದಿದ ಕಡೆ ಎರಡು ವರ್ಷದಲ್ಲಿ ಒಂದೇ ಒಂದು ಪ್ರಶ್ನೆ ಕೇಳ್ಲಿಲ್ಲ ಸರ್. ಇಲ್ಲಿ ಬಾಯಿ ಮುಚ್ಚು ಅಂತ ಮೇಡಂ ನನಗೆ ಎಷ್ಟು ಸಲ ಹೇಳಿದಾರೆ, ಅವರನ್ನೇ ಕೇಳಿ." ನಾಗರಾಜಪ್ಪನವರಿಗೆ ನಗು ತಡೆಯಲಾಗಲಿಲ್ಲ. ಆದರೂ ಮಾತು ಬಿಡದೆ ಒಂದು ಷರತ್ತು ಹಾಕಿದರು. ಪ್ರವೇಶ ಮುಗಿಯುವುದರೊಳಗೆ ಬಿ.ಎ. ಮೊದಲ ವರ್ಷದ ತರಗತಿ ತುಂಬಿದರೆ ವಿಭಾಗವೂ ಉಳಿಯುತ್ತದೆ, ಕಾಲೇಜೂ ಹೆಣ್ಣುಮಕ್ಕಳದ್ದೇ ಆಗಿರುತ್ತದೆ. ತುಂಬದಿದ್ದರೆ ಇಲ್ಲ. ರುದ್ರಾಂಬಾ ಮೇಡಂ, "ಒಪ್ಕೊಂಡೆ" ಎಂದು ಎದ್ದೇಬಿಟ್ಟರು.

ಅಲ್ಲಿಂದ ಮುಂದಿನ ದಿನಗಳು ನನ್ನ ಇಡೀ ನೌಕರಿಯಲ್ಲೇ ರಂಗಾದ ದಿನಗಳು. ಬೆಳಿಗ್ಗೆ ಲೈನುಗಳಲ್ಲಿ, ಮಧ್ಯಾಹ್ನ ಹತ್ತಿರದ ಹಳ್ಳಿಗಳಲ್ಲಿ, ಸಂಜೆ ಶಿವಮೊಗ್ಗಕ್ಕೆ ಬಂದು ಹೊಸಮನೆ ಬಡಾವಣೆಯ ಬೀದಿಗಳಲ್ಲಿ ನಾವು ಸುತ್ತಿದೆವು. ನಾನು, ಸೆಲ್ವಿ, ಅವಳ ನಾಲ್ಕಾರು ಗೆಳತಿಯರು. ಎಲ್ಲ ಮನೆಯಲ್ಲೂ ಅದೇ ಪ್ರಶ್ನೆ, ಹಿಸ್ಟರಿ ಓದಿ ಏನು ಸಿಗುತ್ತೆ. ಲೈನಿನ ಒಬ್ಬ ತಂದೆ ಬಾಗಿಲಿಗೆ ಅಡ್ಡ ನಿಂತು ಇದನ್ನೇ ಕೇಳಿದಾಗ ಸೆಲ್ವಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಅಣ್ಣಾ, ನಿಮ್ಮಪ್ಪ ತಮಿಳುನಾಡಿಂದ ಇಲ್ಲಿಗ್ಯಾಕೆ ಬಂದ್ರು? ಆಗ ಇಷ್ಟೊಂದು ಕೆಲಸ ಇತ್ತಲ್ಲ, ಈಗ ಯಾಕಿಲ್ಲ? ನಿಮ್ಮ ಮಗಳು ಬಂದ್ರೆ ಇದನ್ನೆಲ್ಲ ಓದಿ ಹೇಳ್ತಾಳೆ. ಆಮೇಲೆ ಬಿ.ಎಡ್. ಮಾಡಿ ಟೀಚರೂ ಆಗ್ತಾಳೆ." ಆತ ಒಳಗೆ ತಿರುಗಿ ಮಗಳನ್ನು ಕರೆದ. ಕೆಲವು ಮನೆಗಳಲ್ಲಿ ಬಾಗಿಲು ತೆರೆಯಲೇ ಇಲ್ಲ. ಒಂದು ಕಡೆ ನಾವು ಯಾವುದೋ ಚೀಟಿ ಕಂಪನಿಯವರೆಂದು ತಿಳಿದು ನಾಯಿ ಬಿಟ್ಟರು, ನಾನು ಆ ವಯಸ್ಸಿನಲ್ಲೂ ಅಷ್ಟು ಜೋರಾಗಿ ಓಡಬಲ್ಲೆ ಎಂದು ಗೊತ್ತಾಗಿದ್ದು ಆ ನಾಯಿಯಿಂದ.

ಮಕ್ಕಳು ಸೇರತೊಡಗಿದರು, ಆದರೆ ಸಾಲದು. ಪಿಯುಸಿ ಮುಗಿಸಿದವರಲ್ಲಿ ಬಹಳ ಜನ ಬಟ್ಟೆ ಅಂಗಡಿಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ಕೆಲಸಕ್ಕೆ ಸೇರಿಬಿಟ್ಟಿದ್ದರು. ಕೊನೆಯ ವಾರದ ಹೊತ್ತಿಗೆ ಸೆಲ್ವಿಯ ಗಂಟಲು ಒಡೆದು ದನಿಯೇ ಹೊರಡುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾವೆಲ್ಲ ಆಫೀಸಿನ ಮುಂದೆ ಜೋಲುಮುಖ ಹಾಕಿಕೊಂಡು ಕೂತಿದ್ದಾಗ, ಒಬ್ಬ ಹೆಂಗಸು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಗೇಟಿನಿಂದ ಬಂದರು. ಸೀರೆಯಲ್ಲಿ ಸಾಂಬಾರಿನ ವಾಸನೆ. ಸೆಲ್ವಿಯ ತಾಯಿ ಅಂಜಲಮ್ಮ. ಶಾಲೆಯ ಅಡುಗೆ ಮುಗಿಸಿ ನೇರ ಬಂದಿದ್ದರು.

"ಮೇಡಂ, ನಾನು ಪಿಯುಸಿ ಪಾಸಾಗಿದೀನಿ. ಆಮೇಲೆ ಮದ್ವೆ ಆಯ್ತು. ನಾನ್ ಸೇರ್ಕೋಬೌದಾ?"

ನಾನು ಮಾತಾಡುವ ಮೊದಲೇ ಸೆಲ್ವಿ ಎದ್ದಳು. ಮುಖ ಕೆಂಪಾಗಿತ್ತು. "ಅಮ್ಮಾ, ಏನಿದು? ನಾನ್ ಓದೋ ಕಾಲೇಜಲ್ಲಿ ನೀನಾ? ಎಲ್ರೂ ಏನಂತಾರೆ? ಮನೆಗೆ ನಡಿ."

ಅಂಜಲಮ್ಮ ಜಾಗ ಬಿಟ್ಟು ಕದಲಲಿಲ್ಲ. ದನಿಯನ್ನೂ ಏರಿಸಲಿಲ್ಲ. "ನಮ್ಮ ಲೈನಲ್ಲಿ ನೀನು ಎಲ್ಲಾರ ಮನೆಗೂ ಹೋದೆ ಕಣಮ್ಮಾ. ನಮ್ಮನೆ ಬಾಗಿಲು ದಾಟ್ಕೊಂಡೇ ಹೋದೆ. ನನ್ನ ಕರೀಲೇ ಇಲ್ವಲ್ಲ ನೀನು."

ಸೆಲ್ವಿಯ ಕಣ್ಣು ನನ್ನತ್ತ ತಿರುಗಿತು, ಆಮೇಲೆ ನೆಲಕ್ಕೆ ಇಳಿಯಿತು. ಅವಳು ಏನು ನೆನೆಸಿಕೊಂಡಳು ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ, ಲೊರೇನ್ ಅವರ ಅಜ್ಜಿ ನನಗೂ ನೆನಪಾಗಿದ್ದರು. ಸ್ವಲ್ಪ ಹೊತ್ತಿನ ನಂತರ ಬಂದು ತಾಯಿಯ ಮೊಣಕೈ ಹಿಡಿದಳು. ಒಡೆದ ದನಿಯಲ್ಲಿ, "ಬಾಮ್ಮಾ, ಆಫೀಸು ಈ ಕಡೆ" ಎಂದಳು.

ರುದ್ರಾಂಬಾ ಮೇಡಂ ವಿಶ್ವವಿದ್ಯಾಲಯಕ್ಕೆ ಫೋನು ಮಾಡಿ ವಯಸ್ಸಿನ ಅಡ್ಡಿ ಇಲ್ಲವೆಂದು ಖಾತ್ರಿಪಡಿಸಿಕೊಂಡರು. ಆದರೆ ಅಂಜಲಮ್ಮನಿಗೆ ಬೇರೆ ತೊಡಕಿತ್ತು. "ಮಕ್ಕಳ ಊಟ ಮುಗ್ದು ಪಾತ್ರೆ ತೊಳ್ದು ಬರೋವಾಗ ಎರಡು ಗಂಟೆ ಆಗುತ್ತೆ ಮೇಡಂ. ಬೆಳಿಗ್ಗೆ ಕ್ಲಾಸಿಗೆ ಬರಕ್ಕಾಗಲ್ಲ." ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "ನಿಮ್ಮ ಜೊತೆ ಅಡುಗೆ ಮಾಡೋರು, ಅಂಗನವಾಡಿಯವರು, ಟೈಲರಿಂಗ್ ಮಾಡೋರು, ಪಿಯುಸಿ ಪಾಸಾದವರು ಇನ್ನೂ ಇದಾರಾ?" ಅಂಜಲಮ್ಮ ಸ್ವಲ್ಪ ಯೋಚಿಸಿ, "ಬೇಕಾದಷ್ಟು ಜನ ಇದಾರೆ. ಸಮಯ ಸರಿಹೋದ್ರೆ ಬರ್ತಾರೆ" ಎಂದರು.

ಮೇಡಂ ನನ್ನ ಕಡೆ ತಿರುಗಿದರು. "ಮೊದಲ ವರ್ಷದ ಕ್ಲಾಸು ಎರಡೂವರೆಗೆ ಶುರು ಮಾಡಿದ್ರೆ ನಿಮ್ಮ ಬಸ್ಸು ತಪ್ಪುತ್ತಲ್ಲ?" ಎಂದರು. ಬಸ್ಸು ಇನ್ನೊಂದು ಬರುತ್ತೆ ಮೇಡಂ ಎಂದೆ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ನವಿರೇಳುತ್ತದೆ. ಸೆಲ್ವಿ ತಾಯಿಯನ್ನೇ ಮುಂದಿಟ್ಟುಕೊಂಡು ಹೊರಟಳು. ಈ ಸಲ ಹುಡುಗಿಯರಿರುವ ಮನೆಗಳನ್ನು ಬಿಟ್ಟು ಶಾಲೆಯ ಅಡುಗೆಕೋಣೆಗಳಿಗೆ, ಅಂಗನವಾಡಿಗಳಿಗೆ, ಹೊಲಿಗೆ ಅಂಗಡಿಗಳಿಗೆ ಹೋದರು. ಅಂಜಲಮ್ಮ ಭಾಷಣ ಮಾಡುತ್ತಿರಲಿಲ್ಲ. "ನಾನ್ ಸೇರಿದೀನಿ, ನೀನೂ ಬಾ" ಎನ್ನುತ್ತಿದ್ದರು, ಅಷ್ಟೇ. ಮೊದಲು ಇಬ್ಬರು ಬಂದರು, ಮಾರನೇ ದಿನ ಒಂದು ಗುಂಪೇ ಬಂತು. ಒಬ್ಬಾಕೆ ಸೊಂಟದ ಮೇಲೆ ಮಗುವನ್ನು ಹೊತ್ತು ಬಂದು ಅರ್ಜಿ ತುಂಬಿದಳು. ಬಟ್ಟೆ ಅಂಗಡಿಯ ಇಬ್ಬರು ಹುಡುಗಿಯರು ಮಾಲೀಕನನ್ನು ಒಪ್ಪಿಸಿ ಬೆಳಗಿನ ಪಾಳಿ ಹಾಕಿಸಿಕೊಂಡು ಬಂದರು. ಪ್ರವೇಶ ಮುಗಿದ ಸಂಜೆ ನಾಗರಾಜಪ್ಪನವರು ತರಗತಿಗೆ ಬಂದು ಬೆಂಚುಗಳನ್ನು ನೋಡಿದರು. ಹೊಸಬರಿಗೆ ಜಾಗ ಸಾಲದೆ ಹುಡುಗಿಯರು ಪಕ್ಕದ ಕೋಣೆಯಿಂದ ಬೆಂಚು ಎಳೆದು ತರುತ್ತಿದ್ದರು. ಅವರೂ ಒಂದು ಕಡೆ ಕೈ ಹಾಕಿ ಎತ್ತಿದರು. "ಸರಿ ಮೇಡಂ, ನೀವೇ ಗೆದ್ರಿ" ಎಂದಾಗ ಅವರ ಮುಖದಲ್ಲಿ ಸೋತವರ ಕಳೆ ಕಾಣಲಿಲ್ಲ.

ಎರಡೂವರೆಯ ಆ ಕ್ಲಾಸಿಗೆ ಪಾಠ ಹೇಳುವುದು ಸುಲಭವಿರಲಿಲ್ಲ. ಹದಿನೆಂಟರ ಹುಡುಗಿಯೂ ನಲವತ್ತು ದಾಟಿದ ತಾಯಿಯೂ ಒಂದೇ ಬೆಂಚು. ಮೊದಲ ತಿಂಗಳು ಹುಡುಗಿಯರು ದೊಡ್ಡವರ ಮುಂದೆ ಬಾಯಿ ಬಿಡಲು ನಾಚಿದರು, ದೊಡ್ಡವರು ಹುಡುಗಿಯರ ಮುಂದೆ ತಪ್ಪು ಹೇಳಲು ಅಂಜಿದರು. ಬೆಂಕಿಯ ಮುಂದೆ ನಿಂತು ಬಂದ ಹೆಂಗಸರಿಗೆ ಕಣ್ಣು ಎಳೆಯುತ್ತಿತ್ತು. ಅವರನ್ನು ಏಳಿಸಲು ನಾನು ಕಂಡುಕೊಂಡ ಉಪಾಯವೆಂದರೆ ಜಗಳ. ಪುಸ್ತಕದಲ್ಲಿರುವ ರಾಜನ ತೀರ್ಮಾನ ಸರಿಯೇ ಎಂದು ಕೇಳಿದರೆ ಸಾಕು, ನಿದ್ದೆ ಹಾರಿಹೋಗುತ್ತಿತ್ತು. ಮೊದಲ ಕಿರುಪರೀಕ್ಷೆಯಲ್ಲಿ ಅಂಜಲಮ್ಮ ಫೇಲಾದರು. ಉತ್ತರವೆಲ್ಲ ಬಾಯಲ್ಲಿತ್ತು, ಬರೆಯುವ ವೇಗ ಹೋಗಿಬಿಟ್ಟಿತ್ತು. ಬಿಟ್ಟುಬಿಡ್ತೀನಿ ಎಂದು ಬಂದವರನ್ನು ಸೆಲ್ವಿಯೇ ತಡೆದಳು. ದಿನಾ ಸಂಜೆ ಅವಳು ಹೇಳುವುದು, ತಾಯಿ ಬರೆಯುವುದು. ನೋಟ್ಸು ಹೇಳಿ ಬರೆಸುವುದನ್ನು ನಾನು ಬಿಟ್ಟಿದ್ದೆನಲ್ಲ, ಅವರ ಮನೆಯಲ್ಲಿ ಅದು ಜೋರಾಗಿ ನಡೆಯುತ್ತಿತ್ತು. ಯಾವ ವಿಧಾನವನ್ನೂ ಪೂರ್ತಿ ಬೈಯಬಾರದು ಎಂದು ನಾನು ಕಲಿತೆ.

ಸೆಲ್ವಿ ಬಿ.ಎ. ಮುಗಿಸಿ ಎಂ.ಎ.ಗೆ ಸೇರಿದಳು. ಎರಡು ವರ್ಷದ ನಂತರ ಅಂಜಲಮ್ಮನವರದ್ದೂ ಮುಗಿಯಿತು. ನನ್ನ ನಿವೃತ್ತಿಗೆ ಕೆಲವೇ ದಿನಗಳಿದ್ದವು. ಕಾಲೇಜಿನ ಪದವಿ ಪ್ರದಾನಕ್ಕೆ, ಅಷ್ಟರಲ್ಲಿ ನಿವೃತ್ತರಾಗಿದ್ದ ರುದ್ರಾಂಬಾ ಮೇಡಂ ಅವರೇ ಮುಖ್ಯ ಅತಿಥಿ. ಸಭಾಂಗಣ ತುಂಬಿ ಕಿಟಕಿಗಳಲ್ಲೂ ಜನ. ಅಡುಗೆಯವರು, ಹೊಲಿಗೆಯವರು, ಅವರ ಗಂಡಂದಿರು, ಮಕ್ಕಳು. ಹೆಸರು ಓದುವ ಕೆಲಸ ನನ್ನದು. ಅಂಜಲಮ್ಮ ಎಂದು ಓದಿದೆ. ಅವರು ಕಪ್ಪು ಗೌನು ಸೀರೆಗೆ ತೊಡರದಂತೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿದರು.

ಆಗ ಸಭೆಯ ನಡುವಿನಿಂದ ಒಂದು ಸಿಳ್ಳೆ ಬಂತು. ಸಿನಿಮಾ ಟಾಕೀಸಿನಲ್ಲಿ ಹೊಡೆಯುತ್ತಾರಲ್ಲ, ಎರಡು ಬೆರಳು ಬಾಯಿಗಿಟ್ಟು, ಅಂಥ ಸಿಳ್ಳೆ. ನೋಡಿದರೆ ಸೆಲ್ವಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಾಳೆ. ಕಣ್ಣಲ್ಲಿ ನೀರು, ಬಾಯಲ್ಲಿ ಬೆರಳು. ಹಿರಿಯರು ಕೆಲವರು ತಿರುಗಿ ಹುಬ್ಬು ಗಂಟಿಕ್ಕಿದರು. ವೇದಿಕೆಯ ಮೇಲೆ ನಾಗರಾಜಪ್ಪನವರು ಏನು ಮಾಡುವುದೆಂದು ತಿಳಿಯದೆ ರುದ್ರಾಂಬಾ ಮೇಡಂ ಮುಖ ನೋಡಿದರು. ಮೇಡಂ ಎದ್ದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡರು.

"ಇನ್ನೊಂದ್ಸಲ ಹೊಡಿ ಮಾರಾಯ್ತಿ" ಎಂದರು ಮೇಡಂ. "ಹಿಂದಿನವರಿಗೆ ಕೇಳಿಸ್ಲಿಲ್ಲ."